ಕನ್ನಡಿ ಚೂರಿನ ಟಾಕೀಸು

ನಮ್ಮೂರಲ್ಲಿ ಮ್ಯಾಟ್ನಿ ಶೋ ಎಂದರೆ ಮಧ್ಯಾಹ್ನದ ಊಟ ಮುಗಿಸಿ ದೊಡ್ಡವರು ಅಡ್ಡಾದ ಮೇಲೆ ಹಿತ್ತಲ ಕೋಣೆಯಲ್ಲಿ ಶುರುವಾಗುತ್ತಿದ್ದ ಸಿನಿಮಾ. ಟಿಕೆಟ್ಟಿಗೆ ಹುಣಸೆಬೀಜ. ಕರೆಂಟಿನ ಗೊಡವೆಯೇ ಇಲ್ಲ.

ಬೇಕಾಗಿದ್ದು ಸುಟ್ಟುಹೋದ ಬುರುಡೆ ಬಲ್ಬು, ಸಿನಿಮಾ ಟೆಂಟಿನ ಹಿಂದೆ ಆಪರೇಟರು ಕತ್ತರಿಸಿ ಎಸೆದ ರೀಲಿನ ತುಂಡು, ಅಪ್ಪನ ಶೇವಿಂಗ್ ಕನ್ನಡಿ ಒಡೆದಾಗ ಎತ್ತಿಟ್ಟ ಚೂರು. (ಒಡೆದ ಕನ್ನಡಿ ಮನೆಯಲ್ಲಿರಬಾರದು ಎನ್ನುವ ಅಜ್ಜಿಯ ಕಣ್ಣು ತಪ್ಪಿಸುವುದೇ ದೊಡ್ಡ ಕೆಲಸ.) ಬಲ್ಬಿನ ಹಿಂಬದಿಯನ್ನು ಮೊಳೆಯಿಂದ ಮೆಲ್ಲಗೆ ಕುಕ್ಕಿ, ಒಳಗಿನ ತಂತಿ, ಗಾಜಿನ ಕಡ್ಡಿ ಎಳೆದು ಹಾಕಿ ನೀರು ತುಂಬಿಸಿದರೆ ಅದೇ ಲೆನ್ಸು. ಒಬ್ಬ ಅಂಗಳದಲ್ಲಿ ನಿಂತು ಕನ್ನಡಿ ಚೂರಿನಿಂದ ಕಿಟಕಿಗೆ ಮುಚ್ಚಿದ ರಟ್ಟಿನ ತೂತಿಗೆ ಬಿಸಿಲು ಬಿಡಬೇಕು. ಒಳಗಿದ್ದವನು ರೀಲನ್ನು ತಲೆಕೆಳಗು ಮಾಡಿ ಬಲ್ಬಿನ ಹಿಂದೆ ಎರಡು ಬೆರಳು ಅಂತರದಲ್ಲಿ ಹಿಡಿಯಬೇಕು. ಗೋಡೆಗೆ ಕಟ್ಟಿದ ಪಂಚೆಯ ಮೇಲೆ ರಾಜ್‌ಕುಮಾರ್ ಮೂಡುತ್ತಿದ್ದರು. ಮುಖವೂ ಕಾಲೂ ಕಲಸಿಹೋಗಿ, ನಡುವಿನ ಬೆಲ್ಟು ಮಾತ್ರ ಸ್ಪಷ್ಟ! ಟೆಂಟಿನಲ್ಲಿ ಸೆಕೆಂಡಿಗೆ 24 ಚಿತ್ರ ಓಡಿದರೆ ನಮ್ಮಲ್ಲಿ ಅಲ್ಲಾಡದ ಒಂದೇ ಚಿತ್ರ. ಡೈಲಾಗು, ಕುದುರೆ ಸದ್ದು, ಡಿಶುಂ ಡಿಶುಂ ಎಲ್ಲ ನಮ್ಮದೇ ಬಾಯಿಂದ.

ಪಾಪ, ಕನ್ನಡಿ ಹಿಡಿದವನಿಗೆ ಸಿನಿಮಾ ಇಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಜರುಗುತ್ತಾನೆ, ಬೆಳಕು ತೂತು ಬಿಟ್ಟು ಗೋಡೆ ಹತ್ತುತ್ತದೆ. ಸರಿಮಾಡಲು ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಬೆಳಕು ಎರಡು ಡಿಗ್ರಿ ಓಡುತ್ತದೆ. ಒಳಗಿನಿಂದ ‘ಏಯ್, ಸರಿಯಾಗಿ ಬಿಡೋ!’ ಎಂಬ ಕೂಗು. ಪತನ ಕೋನ ಪ್ರತಿಫಲನ ಕೋನಕ್ಕೆ ಸಮ ಎಂದು ಹೈಸ್ಕೂಲಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಹೊತ್ತಿಗೆ ಆ ಲೆಕ್ಕ ನಮ್ಮ ಮಣಿಕಟ್ಟಿಗೆ ಗೊತ್ತಿತ್ತು.

ಆ ಚೂರಿನ ಇನ್ನೊಂದು ಚಮತ್ಕಾರ ನನಗೆ ಇವತ್ತಿಗೂ ಇಷ್ಟ. ಮೂರು ಮೂಲೆಯ ಚೂರಿನಿಂದ ಹತ್ತಿರದ ಗೋಡೆಗೆ ಬಿಟ್ಟ ಬಿಸಿಲಿಗೂ ಮೂರೇ ಮೂಲೆ. ಅದನ್ನೇ ಬೀದಿಯಾಚೆಯ ನೆರಳಿನ ಗೋಡೆಗೆ ಬಿಟ್ಟರೆ ಗುಂಡಗೆ! ದೂರಕ್ಕೆ ಹೋದಂತೆ ಚೂರಿನ ಆಕಾರ ಅಳಿದು ಸೂರ್ಯನ ಚಿತ್ರವೇ ಬೀಳುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರಿನ ಕಡೆ ಕಂಕಣ ಗ್ರಹಣವಾದಾಗ ಹೀಗೆ ಬೆಳಕು ಬಿಟ್ಟವರ ಗೋಡೆಯ ಮೇಲೆ ಬಿದ್ದದ್ದು ಉಂಗುರ.

ಈಗ ಆ ಸಾಮಾನುಗಳೇ ಇಲ್ಲ. ಥಿಯೇಟರಿಗೆ ಸಿನಿಮಾ ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬರುತ್ತದೆ, ಕತ್ತರಿಸಿ ಎಸೆಯಲು ರೀಲೆಲ್ಲಿ? ಎಲ್‌ಇಡಿ ಬಲ್ಬು ಕೆಟ್ಟರೆ ಒಳಗೆ ಸರ್ಕಿಟ್ಟು, ಮೇಲೆ ಹಾಲುಬಣ್ಣದ ಪ್ಲಾಸ್ಟಿಕ್ಕು. ಮೂರು ಕನ್ನಡಿ ಪಟ್ಟಿ ಕಟ್ಟಿ, ಬಳೆ ಚೂರು ತುಂಬಿ ಮಾಡುತ್ತಿದ್ದ ಕೆಲಿಡೋಸ್ಕೋಪು ಮಾಲ್‌ನಲ್ಲಿ ಸಿಗುತ್ತದೆ, ಎರಡೂ ತುದಿಗೆ ಅಂಟು ಹಾಕಿಸಿಕೊಂಡು. ಬಿಚ್ಚಿ ನೋಡುವಂತಿಲ್ಲ. ಡೇವಿಡ್ ಬ್ರೂಸ್ಟರ್ 1817ರಲ್ಲಿ ಅದಕ್ಕೆ ಪೇಟೆಂಟ್ ಪಡೆದರೂ ಕಂಡಕಂಡವರೆಲ್ಲ ನಕಲು ಮಾಡಿದರು, ಬ್ರೂಸ್ಟರ್ ಕೈಗೆ ಬಂದ ಕಾಸು ಅಷ್ಟಕ್ಕಷ್ಟೆ. ನಾವೂ ಆ ಕಳ್ಳರ ವಂಶದವರೇ.

ಮಕ್ಕಳ ಕೈಗೆ ಚೂಪುಗಾಜು ಕೊಡಬಾರದು, ಒಪ್ಪಿದೆ. ಅಂಚಿಗೆ ಟೇಪು ಸುತ್ತಿ ಕೊಡಬಹುದಲ್ಲ? ಕೊಟ್ಟರೂ ಬಿಡಲು ಬಿಸಿಲು ಬೇಕು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಶಾಲೆ, ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಸೂರ್ಯ ಎದುರು ಬ್ಲಾಕಿನ ಹಿಂದಿರುತ್ತಾನೆ. ಮೊನ್ನೆ ಭಾನುವಾರ ಒಬ್ಬ ಹುಡುಗ ಸ್ಟೀಲ್ ಡಬ್ಬಿಯ ಮುಚ್ಚಳ ಹಿಡಿದು ನಾಲ್ಕನೇ ಮಹಡಿಯ ಬಾಲ್ಕನಿಗೆ ಬೆಳಕು ಬಿಟ್ಟ. ಹತ್ತು ನಿಮಿಷದಲ್ಲಿ ವಾಟ್ಸಾಪ್ ಗ್ರೂಪಿಗೆ ದೂರು ಬಂತು.