ಶಾಹೂ ಸ್ಟೇಡಿಯಂನಲ್ಲಿ ಒಂದು ಸಂಜೆ

ಕೊಲ್ಹಾಪುರದಲ್ಲಿ ಕಲಿಯುವ ಅಕ್ಕನ ಮಗನನ್ನು ನೋಡಲು ಹೋದಾಗ, "ಮಾಮಾ, ಮ್ಯಾಚ್ ಐತಿ, ಬಾ" ಅಂತ ಶಾಹೂ ಸ್ಟೇಡಿಯಂಗೆ ಕರಕೊಂಡು ಹೋದ. ಪಾಟಾಕಡೀಲ ತಾಲೀಮ, ದಿಲಬಹಾರ ತಾಲೀಮ ಆಡುತ್ತಿದ್ದವು. ತಾಲೀಮ ಅಂದ್ರ ನಮಗ ಗರಡಿ, ಕುಸ್ತಿ, ಕೆಮ್ಮಣ್ಣು. ಅಲ್ಲಿ ಗರಡಿಯ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳು! ತಮ್ಮ ಪೇಟೆಯ ಹುಡುಗ ಗೋಲು ಹೊಡೆದರ ಮುದುಕರು ಸೈತ ಎದ್ದು ಕೂಗತಾರ. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕಾಗಿ ಆಡಿದ ಅನಿಕೇತ ಜಾಧವ ಕೊಲ್ಹಾಪುರದವನೇ.

ಹೊರಗ ಬಂದಾಗ ಅಳಿಯ ಕೇಳಿದ: "ಮಾಮಾ, ನಿಮ್ಮೂರ ಗರಡಿಗಿ ಯಾಕ ಕೀಲಿ ಹಾಕ್ಯಾರ? ಹುಡುಗರು ಡಾಂಬರ ರಸ್ತಾದಾಗ ಆಡತಾವು."

"ಚಹಾ ಕುಡಿಯೋಣ ನಡಿ" ಅಂದೆ. ಆ ಕೀಲಿ ನನ್ನ ಮನ್ಯಾಗ ಐತಿ. ಒಳಗ ಒಟ್ಟಿದ ಕಣಕಿನೂ ನಂದೇ.