ಗಾಡಿಮನೆಯ ಅಡಿಗಬ್ಬಿಣ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಡಿಯಾನ ಎಂಬುದೊಂದು. ಅದರ ಉತ್ತರದ ಅಂಚಿನಲ್ಲಿ, ಮಿಚಿಗನ್ ಸಂಸ್ಥಾನದ ಗಡಿಗೆ ಸಮೀಪವಾಗಿ, ಎಲ್ಕ್‌ಹಾರ್ಟ್ ಎಂಬ ಪಟ್ಟಣವಿರುವುದು. ಸೇಂಟ್ ಜೋಸೆಫ್, ಎಲ್ಕ್‌ಹಾರ್ಟ್ ಎಂಬ ಎರಡು ನದಿಗಳು ಇಲ್ಲಿ ಕೂಡುವುವು. ಸಂಗಮದಲ್ಲಿರುವ ನಡುಗಡ್ಡೆಯು ಎಲ್ಕ್ ಎಂಬ ದೊಡ್ಡ ಜಿಂಕೆಯ ಹೃದಯವನ್ನು ಹೋಲುವುದರಿಂದ ಊರಿಗೆ ಈ ಹೆಸರಾಯಿತೆಂದು ಐತಿಹ್ಯವುಂಟು. ನಮ್ಮ ದೇಶದಲ್ಲಾಗಿದ್ದರೆ ಇಂಥ ಸ್ಥಳದಲ್ಲಿ ದೇವಾಲಯವೂ ಸ್ನಾನಘಟ್ಟವೂ ಇರುತ್ತಿದ್ದುವು. ಅಲ್ಲಿ ಅಂದವಾದ ಉದ್ಯಾನವಿದೆ. ಆದರೆ ಊರಿಗೆ ಕೀರ್ತಿ ಬಂದಿರುವುದು ಗಾಲಿಗಳ ಮೇಲೆ ಕಟ್ಟುವ ಮನೆಗಳಿಂದ.

ಮಂಚ, ಒಲೆ, ನೀರಿನ ತೊಟ್ಟಿ, ಸ್ನಾನದ ಕೊಠಡಿ ಇವೆಲ್ಲವನ್ನೂ ಒಳಗೊಂಡು ಮೋಟಾರಿನ ಹಿಂದೆ ಎಳೆಯಲ್ಪಡುವ ಈ ವಾಹನವನ್ನು ಅಲ್ಲಿಯವರು ಟ್ರಾವೆಲ್ ಟ್ರೇಲರ್ ಎನ್ನುವರು. ಈ ಲೇಖನದಲ್ಲಿ ಗಾಡಿಮನೆಯೆಂದು ಕರೆಯುವೆವು. ಆ ದೇಶದಲ್ಲಿ ತಯಾರಾಗುವ ಗಾಡಿಮನೆಗಳಲ್ಲಿ ಬಹುಪಾಲು ಈ ಪಟ್ಟಣದ ಸುತ್ತಮುತ್ತಣ ಕಾರ್ಖಾನೆಗಳಿಂದಲೇ ಹೊರಡುವುವು. ಅಲ್ಲಿ ದುಡಿಯುವವರಲ್ಲಿ ಆಮಿಶ್ ಪಂಥದವರು ಅನೇಕರು. ಸ್ವಂತ ಮೋಟಾರನ್ನು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಸಂಚರಿಸುವ ಈ ಜನರು ಮೋಟಾರಿನ ಹಿಂದೆ ಓಡುವ ಮನೆಗಳನ್ನು ಕಟ್ಟುವುದು ಒಂದು ಸೋಜಿಗ. ಊರಿನ ವಸ್ತುಸಂಗ್ರಹಾಲಯದಲ್ಲಿ ೧೯೧೩ರಷ್ಟು ಹಳೆಯ ಗಾಡಿಮನೆಯೊಂದನ್ನು ಜೋಪಾನವಾಗಿ ಇಟ್ಟಿರುವರು.

ನಮ್ಮ ಮಗಳೂ ಅಳಿಯಂದಿರೂ ಆ ಪ್ರಾಂತ್ಯದಲ್ಲಿ ವಾಸವಾಗಿರುವರು. ನಾವು ಅವರಲ್ಲಿಗೆ ಹೋಗಿದ್ದ ಬೇಸಗೆಯಲ್ಲಿ, ಒಬ್ಬರು ಬಳಸಿ ಬಿಟ್ಟ ಗಾಡಿಮನೆಯನ್ನು ಕೊಳ್ಳಬೇಕೆಂದು ಅವರು ಸಂಕಲ್ಪಿಸಿದ್ದರು. ಹೊಸದರ ಬೆಲೆ ಅವರ ಕೈಗೆ ಎಟುಕುವಂತಿರಲಿಲ್ಲ. ಎರಡು ವರ್ಷ ಕೂಡಿಟ್ಟ ಹಣವು ಹಳೆಯದೊಂದಕ್ಕೆ ಸಾಕಾಗುವಂತಿದ್ದಿತು. ಪಟ್ಟಣದಿಂದ ಕೆಲವು ಮೈಲಿ ದೂರದ ಹಳ್ಳಿಯಲ್ಲಿ ಅಂಥದೊಂದು ಇರುವುದೆಂದು ತಿಳಿದು, ಎಲ್ಲರೂ ಹೊರಟೆವು. ಬೆಸುಗೆಯ ಕೆಲಸದಲ್ಲಿ ಆಯುಷ್ಯವನ್ನು ಸವೆಸಿದ ನೆರೆಮನೆಯ ವೃದ್ಧರೊಬ್ಬರೂ ಜೊತೆಗೆ ಬಂದರು.

ಇಲ್ಲಿ ಆ ಸೀಮೆಯ ಚಳಿಗಾಲದ ವಿಷಯವನ್ನು ಹೇಳಬೇಕು. ಹಿಮವು ಬಿದ್ದು ರಸ್ತೆಗಳು ಜಾರುವಾಗ ಅದನ್ನು ಕರಗಿಸಲು ಕಲ್ಲುಪ್ಪನ್ನು ಎರಚುವರು. ಶುದ್ಧವಾದ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುವುದು. ತಕ್ಕಷ್ಟು ಉಪ್ಪು ಬೆರೆತರೆ ಸೊನ್ನೆಗಿಂತ ೨೧ ಸೆಂಟಿಗ್ರೇಡ್ ಡಿಗ್ರಿ ಕೆಳಗಿನವರೆಗೂ ನೀರಾಗಿಯೇ ಉಳಿಯಬಲ್ಲುದು. ಮಿಚಿಗನ್ನಿನ ಡೆಟ್ರಾಯಿಟ್ ನಗರದ ಕೆಳಗೆ ಸುಮಾರು ೧,೨೦೦ ಅಡಿಗಳ ಆಳದಲ್ಲಿ ಉಪ್ಪಿನ ಗಣಿಯೇ ಇರುವುದು. ಈ ಉಪ್ಪುನೀರು ಚಕ್ರಗಳಿಂದ ಚಿಮ್ಮಿ ವಾಹನದ ಅಡಿಯ ಸಂದುಗಳಲ್ಲಿ ಸೇರುವುದು. ನೀರೂ ಆಮ್ಲಜನಕವೂ ಕೂಡಿ ಕಬ್ಬಿಣವನ್ನು ತುಕ್ಕಾಗಿಸುವುವು. ಉಪ್ಪು ತೇವವನ್ನು ಹಿಡಿದಿಟ್ಟು ಆ ಕಾರ್ಯವನ್ನು ತ್ವರೆಗೊಳಿಸುವುದು. ಮಂಗಳೂರು ಕಾರವಾರಗಳ ಗೃಹಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡಲ ಗಾಳಿಗೆ ಕಿಟಕಿಯ ಸರಳುಗಳು ಏನಾಗುವುವೆಂದು ಅವರು ಬಲ್ಲರು. ಉಪ್ಪಿನ ರಸ್ತೆಯನ್ನೇ ಕಾಣದ ಗಾಡಿಯಾದರೂ, ಹಸಿಹುಲ್ಲಿನ ಮೇಲೆ ವರ್ಷಗಟ್ಟಲೆ ನಿಂತಿದ್ದರೆ ನೆಲದಿಂದೇಳುವ ತೇವವು ಅದನ್ನು ಬಿಡುವುದಿಲ್ಲ. ಆದಕಾರಣ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆಯು, ಗಾಡಿಯು ಚಳಿಗಾಲಗಳನ್ನು ಎಲ್ಲಿ, ಎಂಥ ನೆಲದ ಮೇಲೆ ಕಳೆಯಿತು ಎಂಬುದು.

ನಾವು ಕಂಡ ಗಾಡಿಮನೆಯ ಒಳಭಾಗವು ಕನ್ನಡಿಯಂತಿದ್ದಿತು. ಮೊಮ್ಮಕ್ಕಳು ಒಳಹೊಕ್ಕ ಕ್ಷಣದಲ್ಲಿಯೇ ತಂತಮ್ಮ ಮಂಚಗಳನ್ನು ಹಂಚಿಕೊಂಡರು. “ಮಾವನವರೆ, ತಾವೂ ಬಂದು ನೋಡಿ” ಎಂದು ಅಳಿಯಂದಿರು ಕರೆದರು. ವೃದ್ಧರು ಮಾತ್ರ ಒಳಗೆ ಕಾಲಿಡಲಿಲ್ಲ. ಗಾಲಿಗಳಿಗೆ ಅಡ್ಡಗಟ್ಟೆಯನ್ನು ಕೊಟ್ಟು, ನೆಲದ ಮೇಲೆ ಚಾಪೆಯನ್ನು ಹಾಸಿ, ಟಾರ್ಚು, ತಂತಿಯ ಬ್ರಷ್ಷು, ಸಣ್ಣ ಸುತ್ತಿಗೆ ಇವುಗಳೊಡನೆ ಕೆಳಗೆ ಮಲಗಿದರು. ಬರಿಯ ಜಾಕಿನ ಮೇಲೆ ಎತ್ತಿದ ಗಾಡಿಯ ಕೆಳಗೆ ಎಂದಿಗೂ ನುಸುಳಬಾರದೆಂದು ಅವರು ಮೊದಲೇ ಎಚ್ಚರಿಸಿದ್ದರು.

ಗಾಡಿಮನೆಯ ಭಾರವೆಲ್ಲವನ್ನೂ ಹೊರುವುದು ಉದ್ದುದ್ದನೆಯ ಎರಡು ಉಕ್ಕಿನ ತೊಲೆಗಳು. ಅವುಗಳ ನಡುವೆ ಅಡ್ಡತೊಲೆಗಳು. ಮುಂದೆ, ನಮ್ಮ ಎತ್ತಿನ ಗಾಡಿಯ ಮೂಕಿಯಂತೆ, ಮೋಟಾರಿಗೆ ಕೂಡಿಸುವ ಭಾಗ. ಇಡೀ ಭಾರದಲ್ಲಿ ನೂರಕ್ಕೆ ೧೦ರಿಂದ ೧೫ರಷ್ಟು ಈ ಮೂಕಿಯ ಮೇಲೆ ಬೀಳುವಂತೆ ಹೇರುವುದು ಕ್ರಮ. ಅಂದರೆ ೫,೦೦೦ ಪೌಂಡಿನ ಗಾಡಿಯಲ್ಲಿ ೫೦೦ರಿಂದ ೭೫೦ ಪೌಂಡು. ಹಿಂದೆ ಸ್ಪ್ರಿಂಗ್ ಪಟ್ಟಿಗಳನ್ನು ತೊಲೆಗೆ ತೂಗುಹಾಕಿದ ಕೊಂಡಿಗಳಿರುವುವು. ಮೂಕಿಯ ಬೆಸುಗೆ, ಈ ಕೊಂಡಿಗಳ ಬೆಸುಗೆ, ಗಾಲಿಗಳ ಹಿಂಬದಿ, ಮೆಟ್ಟಿಲಿನ ಬುಡ, ನೀರಿನ ತೊಟ್ಟಿಗಳ ಆಧಾರ, ಇವೇ ಮುಖ್ಯವಾಗಿ ಪರೀಕ್ಷಿಸಬೇಕಾದ ಸ್ಥಳಗಳು.

ತುಕ್ಕಿನಲ್ಲಿಯೂ ತಾರತಮ್ಯವುಂಟು. ಕೆಂಪು ಹುಡಿಯಂತೆ ಮೇಲೆ ಕುಳಿತು, ಬ್ರಷ್ಷಿನಿಂದ ಉಜ್ಜಿದರೆ ಹೋಗಿ, ಅಡಿಯಲ್ಲಿ ಗಟ್ಟಿಯಾದ ಲೋಹವು ಕಂಡರೆ ಅದು ಚರ್ಮದ ರೋಗ. ಉಜ್ಜಿ ಬಣ್ಣ ಬಳಿದರೆ ವಾಸಿಯಾಗುವುದು. ಪದರಪದರವಾಗಿ ಏಳುವ ತುಕ್ಕು ಹಾಗಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ, ದಪ್ಪವಾಗಿ ಕಾಣುವ ತೊಲೆಯೇ ಒಳಗೆ ತೆಳುವಾಗಿರಬಹುದು. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಯಾದ ಉಕ್ಕು ಖಣಿಲೆನ್ನುವುದು. ಜೀರ್ಣವಾದುದು ಮಡಕೆಯ ಬಿರುಕಿನಂತೆ ಮಂದವಾಗಿ ನುಡಿಯುವುದು. ಕೆಲವು ಗಾಡಿಗಳ ಮೈಯೆಲ್ಲ ಹೊಳೆಯುವ ಅಲ್ಯುಮಿನಿಯಮ್ಮಾಗಿದ್ದರೂ ಅಡಿಯು ಉಕ್ಕೇ ಆಗಿರುವುದರಿಂದ ಅಲ್ಲಿಯೂ ಈ ಪರೀಕ್ಷೆಯು ತಪ್ಪಿದ್ದಲ್ಲ. ಅಡಿಗೆ ಮುಚ್ಚಿರುವ ಪ್ಲಾಸ್ಟಿಕ್ ಹಾಳೆಯು ಜೋತುಬಿದ್ದಿದ್ದರೆ ಒಳಗೆ ನೀರು ನಿಂತಿರುವುದೆಂದು ಶಂಕಿಸಬೇಕು.

ಆ ದಿನ ಕಂಡ ಗಾಡಿಯ ಅಡಿಗೆ ಹೊಸ ಕಪ್ಪು ಬಣ್ಣವನ್ನು ದಪ್ಪನಾಗಿ ಬಳಿದಿದ್ದರು. ಬಣ್ಣವು ದೋಷವಲ್ಲ, ಆದರೆ ಅದು ದೋಷವನ್ನು ಮರೆಸಬಲ್ಲುದು. ಎಡಗಾಲಿಯ ಹಿಂದೆ ತಟ್ಟಿದಾಗ ಬಣ್ಣದೊಡನೆ ಅಂಗೈಯಗಲದ ಹಕ್ಕಳೆಯೇ ಉದುರಿತು. ಸ್ಪ್ರಿಂಗಿನ ಕೊಂಡಿಯ ಬೆಸುಗೆಯ ಪಕ್ಕದಲ್ಲಿ ಕೂದಲಿನಂಥ ಬಿರುಕು ತೊಲೆಯೊಳಕ್ಕೆ ಸಾಗಿದ್ದಿತು. ನಮ್ಮನ್ನೂ ಬಗ್ಗಿಸಿ ಟಾರ್ಚಿನ ಬೆಳಕಿನಲ್ಲಿ ಅದನ್ನು ತೋರಿಸಿದರು. ಹೆದ್ದಾರಿಯಲ್ಲಿ ಅರುವತ್ತು ಮೈಲಿ ವೇಗದಲ್ಲಿರುವಾಗ ಆ ಕೊಂಡಿಯು ಕಳಚಿದರೆ, ಗಾಡಿಯು ಹೊರಳಿ, ಎಳೆಯುತ್ತಿರುವ ಮೋಟಾರನ್ನೂ ಅದರಲ್ಲಿರುವ ಮಕ್ಕಳನ್ನೂ ತನ್ನೊಡನೆ ಸೆಳೆಯಬಹುದು.

“ಒಳಗೆ ಇಷ್ಟು ಚೆನ್ನಾಗಿದೆಯಲ್ಲಪ್ಪ!” ಎಂದು ಮಗಳು ಮರುಗಿದಳು. “ಹೌದಮ್ಮ, ಓಡಬೇಕಾದುದು ಮಾತ್ರ ಹೊರಗಿರುವ ಕಬ್ಬಿಣದ ಮೇಲೆ” ಎಂದೆವು. ಮಾರುವವರು ಬಡಪಾಯಿಗಳಾದ ಮುದುಕರು. ಬಣ್ಣವು ಅವರು ಕೊಳ್ಳುವಾಗಲೇ ಇದ್ದಿತಂತೆ. ಅವರೂ ಅಡಿಯನ್ನು ನೋಡಿರಲಿಲ್ಲ. ಬಿರುಕನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಲೆಯ ಹಲಗೆಯನ್ನು ತಾವೇ ಕಿತ್ತಿಟ್ಟರು. ತೊಲೆಯನ್ನು ಕತ್ತರಿಸಿ ಹೊಸದನ್ನು ಬೆಸೆಯಬಹುದೆಂದೂ, ಅದರ ವೆಚ್ಚವನ್ನು ತಿಳಿಯದೆ ಬೆಲೆಯ ಮಾತನ್ನಾಡಬಾರದೆಂದೂ ಬೆಸುಗೆಯ ವೃದ್ಧರು ಇಬ್ಬರಿಗೂ ಹೇಳಿದರು. ಮೊಮ್ಮಕ್ಕಳು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಆ ಬೇಸಗೆಯ ಯಾತ್ರೆಯು ಬಟ್ಟೆಯ ಡೇರೆಯಲ್ಲಿ ನಡೆಯಿತು.

ಈಗ ನಮ್ಮವರ ಮಕ್ಕಳು ಅನೇಕರು ಆ ದೇಶದಲ್ಲಿ ಸಂಸಾರ ಹೂಡಿರುವರು. ಅಂಥ ಕೊಳ್ಳುವಿಕೆಯ ಸಂದರ್ಭವೊದಗಿದಾಗ ವಾಚಕರು ಅವರಿಗೆ ಹೀಗೆ ಬರೆಯಬಹುದು: ಹಗಲಿನಲ್ಲಿ, ಮಳೆಯಿಲ್ಲದ ದಿನದಲ್ಲಿ ಹೋಗಿರಿ, ಬಲ್ಲವರೊಬ್ಬರನ್ನು ಕರೆದೊಯ್ಯಿರಿ, ಮಕ್ಕಳನ್ನು ಒಳಗೆ ಬಿಡುವ ಮುನ್ನ ಅಡಿಯನ್ನು ನೋಡಿಕೊಳ್ಳಿರಿ, ಅಡಿಯನ್ನು ತೋರಿಸಲೊಪ್ಪದವರಿಂದ ಕೊಳ್ಳದಿರಿ.