ಟ್ರ್ಯಾಕ್ 07

ಜಮಖಂಡಿ ಬಸ್ ಸ್ಟ್ಯಾಂಡಿನ ಆಸುಪಾಸು, ಮುಧೋಳದ ಪೇಟೆಯಲ್ಲಿ, ರಬಕವಿ-ಬನಹಟ್ಟಿಯ ಮೊಬೈಲ್ ಅಂಗಡಿಗಳ ಮುಂದೆ ಒಂದು ಕಾಲಕ್ಕೆ ಎಂಪಿ3 ಸಿಡಿಗಳ ರಾಶಿ ಇರುತ್ತಿತ್ತು. ಶ್ರೀಕೃಷ್ಣ ಪಾರಿಜಾತ, ತತ್ವಪದ, ರಾಜಕುಮಾರ್ ಹಿಟ್ಸ್, ಇವುಗಳ ಅಡಿಯಲ್ಲೆಲ್ಲೋ ‘ಇಂಗ್ಲಿಷ್ ರಾಕ್’ ಎಂದು ಮಾರ್ಕರ್ ಪೆನ್ನಿನಲ್ಲಿ ಗೀಚಿದ ಬಿಳಿ ಡಿಸ್ಕು. 700 ಎಂಬಿ ಜಾಗದಲ್ಲಿ 150ರ ಹತ್ತಿರ ಹಾಡು ಹಿಡಿಸುತ್ತಿದ್ದವು. ಅಂದರೆ ಹತ್ತು-ಹನ್ನೆರಡು ಆಲ್ಬಮ್. ಬೆಲೆ ಮೂವತ್ತೋ ನಲವತ್ತೋ. ಕಳ್ಳಮಾಲು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅಸಲಿ ಮಾಲಿಗೆ ಹುಬ್ಬಳ್ಳಿ, ಬೆಳಗಾವಿಗೇ ಹೋಗಬೇಕಿತ್ತು.

ಊರ ಹುಡುಗರು ಇಂಜಿನಿಯರಿಂಗ್ ಹಾಸ್ಟೆಲ್ ಸೇರಿದ ಮೇಲೆ ಇಂಥ ಡಿಸ್ಕುಗಳು ದೀಪಾವಳಿ ರಜೆಗೆ ಅವರ ಚೀಲದಲ್ಲೂ ಬರತೊಡಗಿದವು. ಯಾರೋ ಅವಸರದಲ್ಲಿ ಕಾಪಿ ಮಾಡಿದವು. ಫೋಲ್ಡರಿಗೆ ‘ನ್ಯೂ ಫೋಲ್ಡರ್ 2’, ಹಾಡಿಗೆ ‘ಟ್ರ್ಯಾಕ್ 07’. ಹಾಡಿದವರ ಹೆಸರಿಲ್ಲ, ಫೋಟೊ ಇಲ್ಲ, ಇಸವಿ ಇಲ್ಲ.

ಸ್ಪೈನ್‌ಶ್ಯಾಂಕ್ ನಮಗೆ ಸಿಕ್ಕಿದ್ದು ಅಂಥದೊಂದು ಫೋಲ್ಡರಿನಲ್ಲಿ. ಲಾಸ್ ಏಂಜಲಿಸ್‌ನ ತಂಡ. ‘ದಿ ಹೈಟ್ ಆಫ್ ಕ್ಯಾಲಸ್‌ನೆಸ್’ ಅವರ ಎರಡನೇ ಆಲ್ಬಮ್. ಗಿಟಾರಿನ ಮೇಲೆ ಯಂತ್ರದ ಸದ್ದು ಪೇರಿಸಿ, ಚೀರುತ್ತ ಚೀರುತ್ತಲೇ ತಟಕ್ಕನೆ ಇಂಪಾಗಿ ಹಾಡಿಬಿಡುತ್ತಾರೆ. ಅದು ಬಂದದ್ದು 2000ದ ಅಕ್ಟೋಬರಿನಲ್ಲಿ. ಅದೇ ತಿಂಗಳು ಲಿಂಕಿನ್ ಪಾರ್ಕಿನ ‘ಹೈಬ್ರಿಡ್ ಥಿಯರಿ’ಯೂ ಬಂತು, ಮುಂದೆ ಜಗತ್ತು ಯಾರ ಹಿಂದೆ ಹೋಯಿತೆಂದು ಹೇಳಬೇಕಿಲ್ಲ. ಬನಹಟ್ಟಿಯಲ್ಲಿ ಪವರ್‌ಲೂಮುಗಳ ಪಕ್ಕದ ಖೋಲಿಯಲ್ಲಿ ಆ ಡಿಸ್ಕು ಹಚ್ಚಿದರೆ ಡ್ರಮ್ಮು ಎಲ್ಲಿ ಮುಗಿಯಿತು, ಲಾಳಿ ಎಲ್ಲಿ ಬಡಿಯಿತು ತಿಳಿಯುತ್ತಿರಲಿಲ್ಲ. ಕಾಕಾ ಹರಿದ ಎಳೆಗೆ ಗಂಟು ಹಾಕುತ್ತಲೇ ಒದರುತ್ತಿದ್ದ: “ಮನ್ಯಾಗ ನಾಕ್ ಮಗ್ಗ ಇದ್ದದ್ದು ಸಾಲವಲ್ದೇನಪಾ ನಿನಗ? ಐದನೇದ್ದು ಯಾಕ ಹಚ್ಚಿ?” ಕರೆಂಟ್ ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತಿದ್ದವು. ಆಗ ಸೆಲ್ ಹಾಕಿದ ಚೀನಾ ಪ್ಲೇಯರಿನ ಇಯರ್‌ಫೋನ್ ಸಿಕ್ಕಿಸಿಕೊಂಡರೆ, ಅಷ್ಟೂ ಗದ್ದಲದ ಅಡಿಯಲ್ಲಿ ಬೇಸ್ ಗಿಟಾರೊಂದು ಇತ್ತೆಂಬುದು ಗೊತ್ತಾಗುತ್ತಿತ್ತು.

ಮಿಶಿಗನ್‌ನ ಟ್ಯಾಪ್‌ರೂಟ್ ತಂಡದ ‘ಗಿಫ್ಟ್’ ಹೀಗೇ ಸಿಕ್ಕಿತು. ನ್ಯೂಜೆರ್ಸಿಯ ಇಲ್ ನಿನ್ಯೋ ತಂಡದ 2001ರ ಆಲ್ಬಮ್ಮಿನಲ್ಲಿ ಗಿಟಾರಿನ ಜತೆ ಲ್ಯಾಟಿನ್ ಅಮೆರಿಕದ ಕೈವಾದ್ಯಗಳೂ ಇವೆ. ಹೋಳಿ ಹುಣ್ಣಿಮೆಯ ಹಲಗಿ ಕೇಳಿ ಬೆಳೆದ ಗೆಳೆಯರು, ಕಾರ್ನ್ ತಂಡ ಅಂದರೆ ಮೂಗು ಮುರಿಯುತ್ತಿದ್ದವರು, ಇದಕ್ಕೆ ಮಾತ್ರ ಕಾಲು ಕುಣಿಸುತ್ತಿದ್ದರು.

ಇವು ಅವರ ನಾಡಿನಲ್ಲಿ ಹಿಂದೆ ಬಿದ್ದ ಆಲ್ಬಮ್ಮುಗಳೆಂದು ನಮಗೆ ಹೇಳುವವರೇ ಇರಲಿಲ್ಲ. ಗೆದ್ದವರಾರು, ಸೋತವರಾರು ಗೊತ್ತಿಲ್ಲದ ಊರಿನಲ್ಲಿ ಟ್ರ್ಯಾಕ್ 07ಕ್ಕೂ ಲಿಂಕಿನ್ ಪಾರ್ಕಿಗೂ ಒಂದೇ ಪಂಕ್ತಿಯಲ್ಲಿ ಎಲೆ. ಲೋಕದ ಸುದ್ದಿ ತಡವಾಗಿ ಮುಟ್ಟುತ್ತಿದ್ದುದೇ ನಮ್ಮ ಕಿವಿಗೆ ಒಳ್ಳೆಯದಾಯಿತು ಎನ್ನಲು ನನಗೇನೂ ಸಂಕೋಚವಿಲ್ಲ.

ಸಿಡಿ ಹೋಗಿ ಮೆಮೊರಿ ಕಾರ್ಡ್ ಬಂದಾಗಲೂ ಇದು ಸ್ವಲ್ಪ ದಿನ ನಡೆಯಿತು. ಹಾಡು ತುಂಬುವ ಹುಡುಗ ತನ್ನ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಸುರಿಯುತ್ತಿದ್ದ. ಬೇಡದ್ದೂ ಬರುತ್ತಿತ್ತು, ಆ ಬೇಡದ್ದರಲ್ಲೇ ಒಳ್ಳೆಯದಿರುತ್ತಿತ್ತು. 2016ರಲ್ಲಿ ಜಿಯೋ ಬಂದ ಮೇಲೆ ಅವನ ಕಸುಬು ಹೋಯಿತು. ಈಗ ಅಲ್ಲಿ ಚಾರ್ಜರು, ಟೆಂಪರ್ಡ್ ಗ್ಲಾಸು. ನಮ್ಮ ಡಿಸ್ಕುಗಳು ಗೆಳೆಯನೊಬ್ಬನ ದ್ರಾಕ್ಷಿ ಪಡದಲ್ಲಿ ಹಕ್ಕಿ ಬೆದರಿಸುವ ಕೆಲಸ ಮಾಡಿ ಮುಗಿದವು. ಅಕ್ಕನ ಮಗನಿಗೆ ಹೊಸದೊಂದು ಹಾಡು ಕೇಳಿಸಹೋದರೆ ಕಿವಿ ಕೊಡುವ ಮೊದಲು ಕೇಳುತ್ತಾನೆ: “ಎಷ್ಟ್ ವ್ಯೂಸ್ ಅದಾವ ಮಾಮಾ?”

ಹಾಗೆಂದು ಆ ಡಿಸ್ಕುಗಳ ಮೇಲೆ ನನಗೆ ಸಿಟ್ಟಿಲ್ಲವೆಂದಲ್ಲ. ‘ಹಳೇ ಹಿಂದಿ’ ಎಂಬ ಫೋಲ್ಡರಿನಲ್ಲಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿದ್ದವು. ಅಲ್ಲಿ ಹಾಡಿದ ಅಮೀರ್‌ಬಾಯಿ ಕರ್ನಾಟಕಿ ನಮ್ಮ ಪಕ್ಕದ ಬೀಳಗಿಯವರೆಂದು ಯಾವ ಡಿಸ್ಕೂ ಹೇಳಲಿಲ್ಲ. ಅದನ್ನು ತಿಳಿಯಲು ರಹಮತ್ ತರೀಕೆರೆಯವರ ಪುಸ್ತಕ ಕೈಗೆ ಬರಬೇಕಾಯಿತು. ಫೋನು ಅವರ ಹೆಸರು ತೋರಿಸುತ್ತದೆ, ಅಷ್ಟರಮಟ್ಟಿಗೆ ಅದೇ ವಾಸಿ. ಸ್ಪೈನ್‌ಶ್ಯಾಂಕೂ ಅದರಲ್ಲಿದೆ. ಆದರೆ ಅಳಿಯ ಅದನ್ನು ಹುಡುಕಬೇಕೆಂದರೆ ಮೊದಲು ನಾನು ಹೆಸರು ಹೇಳಿಕೊಡಬೇಕು.